ಪೊರ್ಬುಗಳು ಕೇಳದ ಪ್ರಶ್ನೆ

ಡೇರೆಯ ಬಟ್ಟೆ ನೇರಳೆ ಬಣ್ಣದ್ದು ಎಂದು ಬಹಳ ವರ್ಷಗಳಿಂದ ಹೇಳಿಕೊಂಡು ಬಂದಿದ್ದೇನೆ. ಈಗ ಬರೆಯಲು ಕೂತಾಗ ಅನುಮಾನ ಬರುತ್ತಿದೆ. ಅದು ಯಾರದೋ ಮನೆಯ ಮಲಗುವ ಕೋಣೆಯ ಹಳೆಯ ಪರದೆ, ಅಷ್ಟು ಖಚಿತ. ಬಣ್ಣ ಕಂದು ಇದ್ದಿರಲೂಬಹುದು. ಭವಿಷ್ಯ ಹೇಳುವವನ ಡೇರೆಗೆ ನೇರಳೆ ಒಪ್ಪುತ್ತದೆಂದು ಮನಸ್ಸೇ ಆಮೇಲೆ ಬಳಿದುಕೊಂಡಿರಬೇಕು. ನಾನು ಭೌತಶಾಸ್ತ್ರ ಓದಿದವನು. ಅಳೆಯುವ ಉಪಕರಣವೇ ಕೆಟ್ಟಿದ್ದರೆ ಅಳತೆಯ ಗತಿ ಏನಾಗುತ್ತದೆಂದು ಗೊತ್ತು. ಬೇರೆ ಉಪಕರಣ ಇಲ್ಲವಾದ್ದರಿಂದ ಇದರಲ್ಲೇ ಅಳೆಯುತ್ತಿದ್ದೇನೆ.

ಎಂಬತ್ತರ ದಶಕದ ನಡುವಿನ ಒಂದು ಚಳಿಗಾಲ, ಸೌದಿ ಅರೇಬಿಯಾದ ದಹ್ರಾನ್‌ನ ಒಂದು ಕಾಂಪೌಂಡಿನೊಳಗೆ, ನಾನು ಟ್ಯಾರೋ ಕಾರ್ಡು ನೋಡಿ ಭವಿಷ್ಯ ಹೇಳುವ ಕೆಲಸ ಮಾಡಿದೆ. ಕಾಂಪೌಂಡು ಎಂದರೆ ಎಣ್ಣೆಯ ಕೆಲಸಕ್ಕೆ ಬಂದ ಅಮೆರಿಕದ, ಬ್ರಿಟನ್ನಿನ ಎಂಜಿನಿಯರುಗಳ ಸಂಸಾರಗಳು ವಾಸವಿದ್ದ, ಗೋಡೆಯೊಳಗಿನ ಊರು. ಒಳಗೆ ಹುಲ್ಲು, ಈಜುಕೊಳ, ಲೈಬ್ರರಿ ಇದ್ದವು. ಹೆಂಗಸರು ಅಲ್ಲಿ ಕಾರು ಓಡಿಸುತ್ತಿದ್ದರು. ಗೋಡೆಯ ಹೊರಗೆ, ಸ್ವಲ್ಪ ದೂರದಲ್ಲಿ, ತಗಡಿನ ಕೋಣೆಗಳ ಸಾಲಿನಲ್ಲಿ ನಾವಿದ್ದೆವು. ಆ ಊರಿಗೆ ಬೇಕಾದ ಅಡಿಗೆಯವರು, ಕಸ ಗುಡಿಸುವವರು, ಕೊಳಾಯಿ ರಿಪೇರಿಯವರು ಎಲ್ಲರನ್ನೂ ಒದಗಿಸುತ್ತಿದ್ದ ಒಬ್ಬ ಗುತ್ತಿಗೆದಾರ ನಮ್ಮೆಲ್ಲರ ಕಫೀಲ್, ಅಂದರೆ ವೀಸಾ ಕೊಟ್ಟು ಕರೆಸಿಕೊಂಡ ಧಣಿ. ನಾನು ಅವನ ಟೈಮ್‌ಕೀಪರ್. ಬೆಳಿಗ್ಗೆ ಯಾರು ಬಂದರು, ಸಂಜೆ ಯಾರು ಹೋದರು ಎಂದು ಬರೆಯುವುದು ನನ್ನ ಕೆಲಸ. ಮಂಗಳೂರಿನ ಒಂದು ಕಾಲೇಜಿನಲ್ಲಿ ಎರಡು ವರ್ಷ ತಾತ್ಕಾಲಿಕ ಉಪನ್ಯಾಸಕನಾಗಿದ್ದವನು, ಕಾಯಂ ಆಗಲಿಲ್ಲವೆಂಬ ಸಿಟ್ಟಿನಲ್ಲಿ ಬಂದಿದ್ದೆ. ಬಂದ ಆರನೇ ತಿಂಗಳಿಗೆ ಸಿಟ್ಟು ಇಳಿಯಿತು. ಅಷ್ಟರಲ್ಲಿ ಪಾಸ್‌ಪೋರ್ಟು ಕಫೀಲನ ಕಪಾಟಿನಲ್ಲಿತ್ತು.

ನನ್ನ ಕೋಣೆಯ ಜೊತೆಗಾರರು ಉಡುಪಿ ಕಡೆಯ ಕ್ರೈಸ್ತರು, ಕಾಂಪೌಂಡಿನ ಊಟದ ಹಾಲ್‌ನಲ್ಲಿ ಅಡಿಗೆಯವರು. ನನಗಿಂತ ಎಷ್ಟೋ ವರ್ಷ ದೊಡ್ಡವರು. ನಮ್ಮ ಊರಿನಲ್ಲಿ ಆ ಜನರ ಹಿರಿಯರನ್ನು ಕರೆಯುವ ಹಾಗೆ ನಾನು ಅವರನ್ನು ಪೊರ್ಬುಗಳೇ ಎಂದು ಕರೆಯುತ್ತಿದ್ದೆ. ಅವರಿಗೆ ನಾನು ಮಾಸ್ಟ್ರು. ಅವರ ಮನೆಮಾತು ಕೊಂಕಣಿ, ನನ್ನದು ತುಳು. ಇಬ್ಬರೂ ಗಂಭೀರವಾದದ್ದನ್ನು ಹೇಳಬೇಕಾದಾಗ ಕನ್ನಡಕ್ಕೆ ಬರುತ್ತಿದ್ದೆವು. ಸಂಜೆ ಪಾಳಿ ಇಲ್ಲದ ದಿನ ಅವರು ಮಂಚದ ಮೇಲೆ ಕೂತು ಗೋಡೆ ನೋಡುತ್ತ ಜಪಮಾಲೆ ಎಣಿಸುವರು. ನಾನು ದೇವರನ್ನು ನಂಬುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಅದಕ್ಕಾಗಿ ಅವರು ನನ್ನನ್ನು ಸ್ವಲ್ಪ ಕನಿಕರದಿಂದ ನೋಡುತ್ತಿದ್ದರು, ಸಕ್ಕರೆ ಕಾಯಿಲೆಯವನನ್ನು ನೋಡಿದ ಹಾಗೆ.

ಆ ಚಳಿಗಾಲ ಅವರಿಗೆ ಒಂದೇ ಚಿಂತೆ. ಅವರ ಹಿರಿಯ ಮಗಳು ಕಾನ್ವೆಂಟಿಗೆ ಸೇರುತ್ತೇನೆಂದು ಹೇಳಿದ್ದಳು. ಮಳೆಗಾಲ ಶುರುವಾಗುವ ಹೊತ್ತಿಗೆ ಹೊರಡುವುದು, ಕೆಲವು ವರ್ಷದ ತರಬೇತಿ, ಆಮೇಲೆ ವ್ರತ, ಆಮೇಲೆ ದೇಶದ ಯಾವ ಮೂಲೆಗೆ ಕಳಿಸಿದರೆ ಆ ಮೂಲೆ. ಅವರ ಜನರಲ್ಲಿ ಮನೆಯಿಂದ ಒಬ್ಬಳು ಸಿಸ್ಟರ್ ಆಗುವುದು ದೊಡ್ಡ ಗೌರವ. ಇಗರ್ಜಿಯಲ್ಲಿ ಹೆಸರು ಓದುತ್ತಾರೆ, ಅಪ್ಪ ಅಮ್ಮನಿಗೆ ಮುಂದಿನ ಬೆಂಚು. ಅದು ಬೇಡ ಎಂದು ಬಾಯಿಬಿಟ್ಟು ಹೇಳುವ ಅಪ್ಪ ಇಲ್ಲ. ಪೊರ್ಬುಗಳೂ ಬೇಡ ಎನ್ನುತ್ತಿರಲಿಲ್ಲ. ಅವರು ಕೇಳುತ್ತಿದ್ದದ್ದು ಬೇರೆ.

"ಅವಳಿಗೆ ನಿಜವಾಗಿ ಮನಸ್ಸುಂಟಾ ಮಾಸ್ಟ್ರೆ, ಅಥವಾ ನನ್ನ ಖರ್ಚು ಉಳಿಸ್ಲಿಕ್ಕೆ ಹೋಗುದಾ? ಕಟ್ಟುವ ಮನೆ ಲಿಂಟಲ್‌ಗೆ ಬಂದು ನಿಂತಿದೆ. ಹಿಂದೆ ಇಬ್ಬರು ತಂಗಿಯಂದಿರು. ಮದುವೆ ಅಂದ್ರೆ ಎಂತ ಆಗ್ತದೆ ಅಂತ ಅವಳಿಗೆ ಗೊತ್ತಾಗುದಿಲ್ವಾ? ಅವಳು ಸಣ್ಣದಿರುವಾಗಲೇ ಹಾಗೆ. ಮೀನಿನ ದೊಡ್ಡ ತುಂಡು ತಂಗಿಗೆ ಹಾಕಿ, ನಂಗೆ ಮೀನು ಸೇರುದಿಲ್ಲ ಅನ್ನುವವಳು."

"ಕೇಳಿ ಅವಳನ್ನು," ಎಂದೆ ನಾನು.

"ಎಲ್ಲಿ ಕೇಳುದು? ಊರಿಗೆ ಇರುದು ಒಂದು ಫೋನು, ಅದು ಇಗರ್ಜಿಯ ಬಂಗ್ಲೆಯಲ್ಲಿ. ಫಾದರ್ ಪಕ್ಕದಲ್ಲಿ ಕುರ್ಚಿ ಹಾಕಿ ಕೂತಿರ್ತಾರೆ. ಅವಳು ‘ಹೌದು ಪಪ್ಪಾ, ನಂಗೆ ಸಂತೋಷ ಪಪ್ಪಾ’ ಅಂತಾಳೆ. ಮುಖ ನೋಡ್ಬೇಕು ಮಾರಾಯ್ರೆ. ಮುಖ ನೋಡಿದ್ರೆ ನಂಗೆ ಒಂದು ಮಿನಿಟು ಸಾಕು."

ಮುಖ ನೋಡಬೇಕಾದರೆ ಹೋಗಬೇಕು. ಕಫೀಲ್ ರಜೆ ಕೊಡುವುದಿಲ್ಲ ಎಂದಿದ್ದ. ಹೊಸ ಮೆಸ್ಸು ತೆರೆಯುವುದಿತ್ತು. ಇನ್ನೆರಡು ವರ್ಷಕ್ಕೆ ಸಹಿ ಹಾಕಿ ಇರುವುದು, ಇಲ್ಲವೇ ಫೈನಲ್ ಎಕ್ಸಿಟ್ ಹೊಡೆಸಿಕೊಂಡು ಹೋಗುವುದು. ಹೋದರೆ ತಿರುಗಿ ಬರುವ ಹಾಗಿಲ್ಲ, ಮನೆ ಲಿಂಟಲ್‌ನಲ್ಲೇ ನಿಲ್ಲುತ್ತದೆ, ಉಳಿದ ಇಬ್ಬರ ಮದುವೆಯೂ ನಿಲ್ಲುತ್ತದೆ. ಮಾರ್ಚ್ ಮುಗಿಯುವುದರೊಳಗೆ ಹೇಳಬೇಕೆಂದು ಆಫೀಸಿನವರು ತಿಳಿಸಿದ್ದರು.

"ನೀವು ಎಂತ ಹೇಳ್ತೀರಿ ಮಾಸ್ಟ್ರೆ?" ಎಂದು ಪ್ರತಿ ವಾರವೂ ಕೇಳುವರು.

"ಅದು ನೀವೇ ತೀರ್ಮಾನ ಮಾಡಬೇಕಾದ್ದು ಪೊರ್ಬುಗಳೇ," ಎಂದು ನಾನೂ ಪ್ರತಿ ವಾರ ಹೇಳುತ್ತಿದ್ದೆ. ಹೋಗಿ ಎಂಬುದೇ ನನ್ನ ಅಭಿಪ್ರಾಯವಾಗಿತ್ತು. ಆದರೆ ಇನ್ನೊಬ್ಬರ ಬದುಕಿನಲ್ಲಿ ಮಾತು ಹಾಕಬಾರದೆಂಬ ತತ್ವ ನನ್ನದು. ಅದನ್ನು ನಾನು ವಿಚಾರವಂತಿಕೆ ಎಂದು ತಿಳಿದಿದ್ದೆ.

ಇದರ ನಡುವೆ ಸಂತೆಯ ಸುದ್ದಿ ಬಂತು. ಕಾಂಪೌಂಡಿನ ಹೆಂಗಸರು ಪ್ರತಿ ವರ್ಷ ಚಳಿ ಇಳಿಯುವ ಹೊತ್ತಿಗೆ ರೆನೆಸಾನ್ಸ್ ಫೇರ್ ಎಂದು ಒಂದು ಸಂತೆ ಮಾಡುತ್ತಿದ್ದರು. ನಾಲ್ಕೈದು ನೂರು ವರ್ಷ ಹಿಂದಿನ ಯೂರೋಪಿನ ಸಂತೆಯಂತೆ. ಡ್ರಿಲ್ಲಿಂಗ್ ಎಂಜಿನಿಯರುಗಳು ಬಿಗಿಯಾದ ಕಾಲುಚೀಲ ಹಾಕಿ, ರಟ್ಟಿನ ಕಿರೀಟ ಇಟ್ಟುಕೊಂಡು, ಮರದ ಕತ್ತಿ ಹಿಡಿದು ತಿರುಗುವರು. ಸೇಬಿನ ರಸಕ್ಕೆ ದ್ರಾಕ್ಷಾರಸ ಎನ್ನುವರು. ಟರ್ಕಿ ಕೋಳಿಯ ಕಾಲು ಸುಡುವುದು ಪೊರ್ಬುಗಳ ಪಾಲಿನ ಕೆಲಸ. ಸಂತೆ ಎಂದ ಮೇಲೆ ಕಣಿ ಹೇಳುವವರು ಬೇಕು. ಹಿಂದಿನ ವರ್ಷ ಆ ಕೆಲಸ ಮಾಡಿದ್ದ ಟೀಚರ್ ಕೆಲಸ ಬಿಟ್ಟು ಹೋಗಿದ್ದಳು. ಸಂತೆ ನಡೆಸುವ ಮೇಡಂ, ಒಬ್ಬ ಎಂಜಿನಿಯರನ ಹೆಂಡತಿ, ದೊಡ್ಡ ದನಿಯವಳು, ಅಡಿಗೆ ಮನೆಗೆ ಬಂದು ನಿಮ್ಮ ಇಂಡಿಯಾದವರಲ್ಲಿ ಯಾರಿಗಾದರೂ ಭವಿಷ್ಯ ಹೇಳಲು ಬರುತ್ತದೆಯೇ ಎಂದು ಕೇಳಿದಳಂತೆ.

"ನನ್ನ ರೂಮಿನವರು ಎಂ.ಎಸ್ಸಿ. ಆಗಿದ್ದಾರೆ ಮೇಡಂ ಅಂತ ಹೇಳಿದೆ," ಎಂದರು ಪೊರ್ಬುಗಳು ಆ ರಾತ್ರಿ ಊಟಕ್ಕೆ ಕೂತಾಗ.

"ಎಂ.ಎಸ್ಸಿ.ಗೂ ಕಣಿಗೂ ಎಂತ ಸಂಬಂಧ?"

"ಅದು ನಂಗೆಂತ ಗೊತ್ತು. ಅವಳಿಗೆ ಸಾಕಾಯ್ತು. ಗುರುವಾರ ಬನ್ನಿ ಅಂದ್ಳು. ಗೇಟಿಗೆ ಚೀಟಿ ಕೊಟ್ಟಿದ್ದಾಳೆ."

ಹೋಗಬಾರದಿತ್ತು ಎನ್ನಲು ಕಾರಣಗಳಿದ್ದವು. ಮೊದಲನೆಯದು ನನ್ನ ತತ್ವ. ಎರಡನೆಯದು ಕಾನೂನು. ಆ ದೇಶದಲ್ಲಿ ಕಣಿ ಹೇಳುವುದು ಮಾಟ ಮಾಡಿದಷ್ಟೇ ಅಪರಾಧ. ಆದರೆ ನಾನು ಗೋಡೆಯ ಆಚೆಯ ಊರನ್ನು ಗೇಟಿನಿಂದಷ್ಟೇ ನೋಡಿದ್ದವನು. ಲೈಬ್ರರಿಯ ಹೊಸಿಲು ದಾಟಬಹುದೆಂಬ ಆಸೆ ಎರಡೂ ಕಾರಣಗಳನ್ನು ತಿಂದುಹಾಕಿತು.

ಮೇಡಂ ಅಡಿಗೆ ಮನೆಯ ಹಿಂದಿನ ಜಗುಲಿಯಲ್ಲಿ ನನ್ನನ್ನು ಮಾತಾಡಿಸಿದಳು. ನನಗೆ ಇದರಲ್ಲಿ ನಂಬಿಕೆ ಇಲ್ಲವೆಂದು ಮೊದಲೇ ಹೇಳಿಬಿಟ್ಟೆ.

"ಒಳ್ಳೆಯದೇ ಆಯಿತು. ಹೋದ ವರ್ಷದವಳಿಗೆ ನಂಬಿಕೆ ಇತ್ತು. ಮೂರು ಜನ ಅಳುತ್ತಾ ಡೇರೆಯಿಂದ ಹೊರಗೆ ಬಂದರು," ಎಂದಳು. "ನೀನು ಹೇಳಬೇಕಾದ್ದು ಇಷ್ಟೇ. ಪ್ರಯಾಣ, ಮನೆ, ಒಳ್ಳೆಯ ಬದಲಾವಣೆ. ಸಾವು ಬೇಡ, ಡೈವೋರ್ಸ್ ಬೇಡ. ಮುಖ ಮಾತ್ರ ಈಗ ಇಟ್ಟುಕೊಂಡಿದ್ದೀಯಲ್ಲ, ಹೀಗೇ ಇರಲಿ. ಬಹಳ ಚೆನ್ನಾಗಿದೆ."

ನನ್ನ ಮುಖ ಹೇಗಿತ್ತೋ ನನಗೆ ಗೊತ್ತಿಲ್ಲ. ದುಃಖದಲ್ಲಿರುವವನ ಹಾಗಿತ್ತೆಂದು ಪೊರ್ಬುಗಳು ಆಮೇಲೆ ಹೇಳಿದರು. ಸಂಬಳದ ಬದಲು ಲೈಬ್ರರಿಯಿಂದ ಪುಸ್ತಕ ಕೊಡಿಸುತ್ತೇನೆ ಎಂದು ಅವಳು ಒಪ್ಪಿಕೊಂಡಳು. ಒಂದೇ ಕರಾರು: ಕಾರ್ಡುಗಳು ಗೇಟಿನ ಹೊರಗೆ ಹೋಗಬಾರದು. ಮಕ್ಕಳ ಆಟದ ಸಾಮಾನಿನ ಡಬ್ಬಿಯಲ್ಲಿ ಅಡಗಿಸಿ ಅವನ್ನು ದೇಶದೊಳಗೆ ತಂದಿದ್ದಳು.

ಆದ್ದರಿಂದ ಕಲಿಯಲು ನಾನೇ ಒಳಗೆ ಹೋಗಬೇಕಾಯಿತು. ಕೆಲವು ಗುರುವಾರ ಆ ಜಗುಲಿಯಲ್ಲಿ, ಈರುಳ್ಳಿ ಚೀಲದ ಪಕ್ಕ, ಕಾರ್ಡುಗಳನ್ನು ಹರಡಿಕೊಂಡು ಕೂತೆ. ಇಸ್ಪೀಟಿಗಿಂತ ಉದ್ದನೆಯ ಎಲೆಗಳು, ಒಂದೊಂದರ ಮೇಲೂ ಒಂದು ಚಿತ್ರ. ನೇತು ಬಿದ್ದ ಮನುಷ್ಯ, ಸಿಡಿಲು ಬಡಿದ ಗೋಪುರ, ನೀರು ಸುರಿಯುವ ಹುಡುಗಿ. ಅರ್ಥಗಳನ್ನು ಎರಡು ಸಂಜೆಯಲ್ಲಿ ಬಾಯಿಪಾಠ ಮಾಡಿದೆ, ಪರೀಕ್ಷೆಗೆ ಓದಿದ ಹಾಗೆ. ಹಳೆಯ ಕಟ್ಟು ಅದು. ಕೆಲವು ಎಲೆಗಳ ಮೂಲೆ ಮಡಚಿತ್ತು, ಬೆನ್ನು ನೋಡಿಯೇ ಗುರುತು ಸಿಗುತ್ತಿತ್ತು. ಎದುರು ಕೂತವರೇ ಒಂದು ಎಲೆ ಆರಿಸಬೇಕು ಎಂಬುದು ಪದ್ಧತಿ. ಹರಡುವಾಗ ಒಂದು ಎಲೆಯನ್ನು ಸ್ವಲ್ಪ ಮುಂದೆ ಚಾಚಿದರೆ ಹೆಚ್ಚಿನವರ ಕೈ ಅದಕ್ಕೇ ಹೋಗುತ್ತದೆ ಎಂದು ನಾನು ಅಡಿಗೆ ಮನೆಯ ಹುಡುಗರ ಮೇಲೆ ಪ್ರಯೋಗ ಮಾಡಿ ಕಂಡುಕೊಂಡೆ. ಬಂದ ಫಲಿತಾಂಶ ನೋಡಿ ಒಬ್ಬನೇ ಖುಷಿಪಟ್ಟೆ. ಅಂಥ ಖುಷಿ ಸೌದಿಗೆ ಬಂದ ಮೇಲೆ ಅದೇ ಮೊದಲು.

"ಎಂತ ಮಾಸ್ಟ್ರೆ, ಈಗ ಜೋಯಿಸರೇ ಆದ್ರಾ?" ಎಂದು ಪೊರ್ಬುಗಳು ಬಾಣಲೆ ತೊಳೆಯುತ್ತ ಕೇಳಿದರು. "ಊರಲ್ಲಿ ನಿಮ್ಮ ಅಪ್ಪನಿಗೆ ಹೇಳ್ಬೇಕು. ಮಗ ಓದಿದ್ದು ದಂಡ ಆಗ್ಲಿಲ್ಲ ಅಂತ."

ಸಂತೆಯ ದಿನ ನನಗೆ ಹೊಳೆಯುವ ಬಟ್ಟೆಯ ನಿಲುವಂಗಿ ತೊಡಿಸಿದರು, ತಲೆಗೆ ಒಂದು ರುಮಾಲು ಸುತ್ತಿದರು. ಯೂರೋಪಿನ ಹಳೆಯ ಸಂತೆಯಲ್ಲಿ ರುಮಾಲಿನ ಹಿಂದೂ ಎಲ್ಲಿಂದ ಬಂದ ಎಂದು ಯಾರೂ ಕೇಳಲಿಲ್ಲ. ಬೇಸ್‌ಬಾಲ್ ಮೈದಾನದ ಮೂಲೆಯಲ್ಲಿ ಡೇರೆ, ಒಳಗೆ ಒಂದು ಮಡಚುವ ಮೇಜು, ಎರಡು ಕುರ್ಚಿ. ಮಧ್ಯಾಹ್ನದ ಊಟ ಆದಲ್ಲಿಂದ ಸಾಲು ಶುರುವಾಯಿತು.

ನಾನು ತಯಾರಿ ಮಾಡಿಕೊಂಡ ಚಾತುರ್ಯ ಬೇಕಾಗಲೇ ಇಲ್ಲ. ನಮ್ಮ ಕಡೆ ಪ್ರಶ್ನೆ ಇಡಲು ಜೋಯಿಸರ ಹತ್ತಿರ ಹೋದವನು ಬಾಯಿ ಬಿಡುವುದಿಲ್ಲ. ತಾನು ಯಾಕೆ ಬಂದೆ ಎಂದು ಜೋಯಿಸರೇ ಹೇಳಬೇಕು. ಕೇಳಿ ತಿಳಿದುಕೊಳ್ಳುವ ಜೋಯಿಸರ ಮನೆಗೆ ಎರಡನೇ ಸಲ ಯಾರೂ ಹೋಗುವುದಿಲ್ಲ. ಈ ಜನ ಅದಕ್ಕೆ ಪೂರ್ತಿ ತಿರುವುಮುರುವು. ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಲು ತೊಡಗುವರು. ಗಂಡ ಎರಡು ವಾರ ಸಮುದ್ರದ ಮೇಲಿನ ರಿಗ್ಗಿನಲ್ಲಿ ಇರುತ್ತಾನೆ, ಮನೆಗೆ ಬಂದರೂ ಬಂದ ಹಾಗೆ ಇರುವುದಿಲ್ಲ. ಮಗ ದೂರದ ಹಾಸ್ಟೆಲಿನಲ್ಲಿ ಇದ್ದಾನೆ, ಫೋನಿನಲ್ಲಿ ಅವನ ದನಿ ಬದಲಾಗಿದೆ. ಕೆಲಸ ಬಿಟ್ಟು ಟೆಕ್ಸಾಸಿಗೆ ಹೋಗೋಣವೆಂದರೆ ಅಲ್ಲಿ ಈಗ ಯಾರೂ ಕರೆಯುವುದಿಲ್ಲ. ನಾನು ಒಂದು ಎಲೆ ತಿರುಗಿಸಿ ಬದಲಾವಣೆ ಎನ್ನುತ್ತಿದ್ದೆ. ಅವರು ಥ್ಯಾಂಕ್ಯೂ ಎಂದು ನನ್ನ ಕೈ ಹಿಡಿದು ಹೋಗುತ್ತಿದ್ದರು. ರಟ್ಟಿನ ಕಿರೀಟದ ಒಬ್ಬ ರಾಜ ಎದುರು ಕೂತು, ತನ್ನ ಕೈ ನಡುಗುವುದು ಹೆಂಡತಿಗೆ ಗೊತ್ತಿಲ್ಲ ಎಂದ. ನಾನು ಕಾರ್ಡನ್ನೇ ತಿರುಗಿಸಲಿಲ್ಲ, ಡಾಕ್ಟರಿಗೆ ತೋರಿಸಿ ಎಂದೆ. ಅವನಿಗೆ ಬೇಸರವಾಯಿತು. ಅದಕ್ಕೆ ನೀನು ಯಾಕೆ ಎಂದು ಎದ್ದು ಹೋದ.

ಹೊರಗೆ ತಮಟೆ, ಕೊಳಲು, ನಗು. ಒಳಗೆ ಕೂತವನಿಗೆ ಆ ಊರು ಹುಲ್ಲು ಹೊದ್ದ ಆಸ್ಪತ್ರೆಯ ಹಾಗೆ ಕಾಣತೊಡಗಿತು. ಲೈಬ್ರರಿಯ ಆಸೆಯೂ ಸ್ವಲ್ಪ ಮಂಕಾಯಿತು.

ಬಿಸಿಲು ಇಳಿಯುವ ಹೊತ್ತಿಗೆ ಪೊರ್ಬುಗಳು ಬಂದರು. ಮುಂದಿನ ಸಾಲಿನಲ್ಲಿ ನಿಲ್ಲದೆ, ಡೇರೆಯ ಹಿಂದಿನಿಂದ ಬಟ್ಟೆ ಎತ್ತಿ ಒಳಗೆ ಬಂದರು. ಮೈಯೆಲ್ಲ ಹೊಗೆಯ ವಾಸನೆ. ಏಪ್ರನ್ ಬಿಚ್ಚಿ ಮಡಚಿ ನೆಲದ ಮೇಲೆ ಇಟ್ಟರು.

"ಎಂತ ಪೊರ್ಬುಗಳೇ, ಕೋಳಿ ಮುಗಿಯಿತಾ?" ಎಂದೆ.

ಅವರು ಕುರ್ಚಿಯ ತುದಿಯಲ್ಲಿ ಕೂತು ಎರಡೂ ಕೈಗಳನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡರು. ಕೈ ತೊಳೆದು ಬಂದಿದ್ದರು, ಇನ್ನೂ ಒದ್ದೆ ಇತ್ತು. ಬಾಯಿ ಮುಚ್ಚಿ ನನ್ನನ್ನೇ ನೋಡಿದರು. ಆಗ ನನಗೆ ಅರ್ಥವಾಯಿತು. ಅವರು ಪ್ರಶ್ನೆಗೆ ಬಂದಿದ್ದರು, ಊರಿನ ಕ್ರಮದಲ್ಲಿ.

ಅವರ ಜನರಿಗೆ ಇದು ನಿಷಿದ್ಧ. ಫಾದರ್ ಹತ್ತಿರ ಪಾಪನಿವೇದನೆ ಮಾಡಬೇಕಾದಂಥ ತಪ್ಪು. ಆದರೆ ಈ ಒಂದು ಸಂಗತಿಯನ್ನು ಅವರು ಫಾದರ್ ಹತ್ತಿರ ಕೇಳುವಂತಿರಲಿಲ್ಲ, ತಮ್ಮ ಜನರಲ್ಲಿ ಯಾರ ಹತ್ತಿರವೂ ಕೇಳುವಂತಿರಲಿಲ್ಲ. ಉಳಿದವನು ದೇವರಿಲ್ಲದ ನಾನು. ನಾನಾದರೋ ಕೋಣೆಯಲ್ಲಿ ಉತ್ತರ ಕೊಟ್ಟಿರಲಿಲ್ಲ.

"ಪೊರ್ಬುಗಳೇ, ಇದು ಆಟ. ನಾನೇ ಜಗುಲಿಯಲ್ಲಿ ಕೂತು ಬಾಯಿಪಾಠ ಮಾಡಿದ್ದು ನೀವೇ ನೋಡಿದ್ದೀರಿ."

"ನೋಡಿದ್ದೇನೆ. ನೀವು ಹಾಕಿ."

ನಾನು ಕಾರ್ಡುಗಳನ್ನು ಕಲಸಿದೆ. ಆ ಅರ್ಧ ನಿಮಿಷದಲ್ಲಿ ಒಂದು ತೀರ್ಮಾನಕ್ಕೆ ಬಂದಿದ್ದೆ. ಯಾವ ಎಲೆ ಬಂದರೂ ಪ್ರಯಾಣ ಎನ್ನುವುದು. ಸಮುದ್ರ ದಾಟುವ ಯೋಗ ಉಂಟು, ಹೆಣ್ಣುಮಗಳೊಬ್ಬಳು ಕಾಯುತ್ತಿದ್ದಾಳೆ, ತಡ ಮಾಡಬೇಡಿ ಎನ್ನುವುದು. ಕೋಣೆಯಲ್ಲಿ ಹೇಳಲಾಗದ್ದನ್ನು ಇಲ್ಲಿ ವೇಷ ಹಾಕಿಕೊಂಡು ಹೇಳಬಹುದಿತ್ತು. ಹೀಗೆ ತೀರ್ಮಾನಿಸಿದ್ದು ನಿಜ ಎಂದೇ ನನಗೆ ಈಗಲೂ ಅನಿಸುತ್ತದೆ. ಆದರೆ ಇದು ನನಗೆ ಎಷ್ಟು ಅನುಕೂಲವಾದ ನೆನಪು ಎಂಬುದೂ ಕಾಣಿಸುತ್ತದೆ. ಅವರು ಹೋದರೆ ನನ್ನ ಊಟ, ಕೋಣೆಯ ನೆಮ್ಮದಿ, ಗೇಟಿನ ಚೀಟಿ ಎಲ್ಲವೂ ಹೋಗುತ್ತಿದ್ದವು. ಅಂಥವನು ಹೋಗಿ ಎಂದೇ ಹೇಳುವುದರಲ್ಲಿದ್ದ ಎಂದು ಬೇರೆ ಯಾರಾದರೂ ಬರೆದಿದ್ದರೆ ನಾನು ನಂಬುತ್ತಿರಲಿಲ್ಲ.

ಎಲೆಗಳನ್ನು ಮೇಜಿನ ಮೇಲೆ ಹರಡಿದೆ. ಪೊರ್ಬುಗಳು ಒಂದನ್ನು ಎಳೆದರು. ಅವರೇ ತಿರುಗಿಸಿದರು, ನನಗೆ ಬಿಡಲಿಲ್ಲ.

ಎರಡು ಕಂಬಗಳ ನಡುವೆ ಕೂತ ಹೆಂಗಸು. ನೀಲಿ ನಿಲುವಂಗಿ, ತಲೆಯ ಮೇಲಿಂದ ಇಳಿಬಿದ್ದ ಬಿಳಿಯ ಮುಸುಕು, ಎದೆಯ ಮೇಲೆ ಶಿಲುಬೆ.

ಅದು ಮೂಲೆ ಮಡಚಿದ ಎಲೆಗಳಲ್ಲಿ ಒಂದು. ಹೆಂಗಸರು ಬಂದಾಗ ಚೆನ್ನಾಗಿ ಕೆಲಸ ಮಾಡುತ್ತದೆಂದು ಆ ಮಧ್ಯಾಹ್ನ ನಾಲ್ಕಾರು ಸಲ ಅದನ್ನು ಮುಂದೆ ಚಾಚಿ ಹರಡಿದ್ದೆ. ಪೊರ್ಬುಗಳಿಗೆ ಹರಡುವಾಗ ಹಾಗೆ ಮಾಡಿದೆನೇ? ಬೆರಳಿಗೆ ಅಭ್ಯಾಸ ಬಿದ್ದಿತ್ತು. ಬೆರಳು ನನ್ನನ್ನು ಕೇಳದೆ ಮಾಡಿರಬಹುದು. ಕೇಳಿಯೇ ಮಾಡಿರಬಹುದು. ಇಲ್ಲವೇ ಇದೆಲ್ಲ ಬರೀ ಆಕಸ್ಮಿಕ, ಎಷ್ಟೇ ಎಲೆಗಳಿದ್ದ ಕಟ್ಟಿನಲ್ಲೂ ಅಂಥದ್ದು ಆಗುತ್ತಲೇ ಇರುತ್ತದೆ. ವಿದ್ಯಾರ್ಥಿಗಳಿಗೆ ಇಂಥದ್ದನ್ನು ನಾನೇ ಬೋರ್ಡಿನ ಮೇಲೆ ಲೆಕ್ಕ ಹಾಕಿ ತೋರಿಸಿದ್ದೇನೆ. ಆ ಲೆಕ್ಕ ಇಲ್ಲಿ ಕೈಗೆ ಹತ್ತುವುದಿಲ್ಲ.

ಪೊರ್ಬುಗಳು ಆ ಚಿತ್ರವನ್ನು ಬಗ್ಗಿ ನೋಡಿದರು. ಕೈ ಮೇಜಿನ ಅಂಚಿನಲ್ಲಿತ್ತು. ಯಾಕೆ ಬಂದೆ ಎಂದು ಜೋಯಿಸರು ಹೇಳಬೇಕಾದ್ದನ್ನು ಎಲೆಯೇ ಹೇಳಿಬಿಟ್ಟಿತ್ತು. ನನ್ನ ಬಾಯಿಗೆ ಕೆಲಸವೇ ಇರಲಿಲ್ಲ.

"ಅವಳು ಆಗ್ಲೇ ಅಲ್ಲಿ ಕೂತಾಗಿದೆ," ಎಂದರು ಮೆಲ್ಲನೆ.

"ಇದು ಸಿಸ್ಟರ್ ಅಲ್ಲ ಪೊರ್ಬುಗಳೇ. ಇದರ ಅರ್ಥ ಬೇರೆ ಉಂಟು. ಗುಟ್ಟು, ಮೌನ, ಹಾಗೆಲ್ಲ." ಇದನ್ನು ನಾನು ಡೇರೆಯಲ್ಲೇ ಹೇಳಿದೆ ಎಂದು ನೆನಪು. ಕೋಣೆಗೆ ಹೋದ ಮೇಲೆ ಹೇಳಿದ್ದು ಅಲ್ಲಿಗೆ ಸೇರಿಕೊಂಡಿದ್ದರೆ ನನಗೆ ತಿಳಿಯುವ ಉಪಾಯವಿಲ್ಲ.

"ಸಾಕು ಮಾಸ್ಟ್ರೆ," ಎಂದು ಅವರು ಎದ್ದರು. ಏಪ್ರನ್ ಎತ್ತಿಕೊಂಡರು. ಅಷ್ಟರಲ್ಲಿ ಮುಂದಿನ ಬಾಗಿಲಿನಿಂದ ಹೂವಿನ ಕಿರೀಟದ ಒಬ್ಬಳು ತಲೆ ಹಾಕಿ ಇನ್ನೂ ಆಗಲಿಲ್ಲವೇ ಎಂದಳು. ನಾನು ಅವಳ ಕಡೆ ತಿರುಗಿದೆ. ಮತ್ತೆ ಈ ಕಡೆ ನೋಡಿದಾಗ ಹಿಂದಿನ ಬಟ್ಟೆ ಅಲುಗುತ್ತಿತ್ತು.

ಆ ವಾರ ಕಳೆಯುವ ಮೊದಲೇ ಪೊರ್ಬುಗಳು ಆಫೀಸಿಗೆ ಹೋಗಿ ಇನ್ನೆರಡು ವರ್ಷಕ್ಕೆ ಸಹಿ ಹಾಕಿ ಬಂದರು. ನನಗೆ ಹೇಳಲಿಲ್ಲ. ಟೈಮ್‌ಕೀಪರ್ ಆದ್ದರಿಂದ ಹೊಸ ಮೆಸ್ಸಿನ ಪಾಳಿಯಲ್ಲಿ ಅವರನ್ನು ಹಾಕಿದ್ದು ನನಗೆ ತಾನಾಗಿ ತಿಳಿಯಿತು.

"ಹೇಳಬಹುದಿತ್ತಲ್ಲ," ಎಂದೆ.

"ಹೇಳ್ಲಿಕ್ಕೆ ಎಂತ ಉಂಟು. ನಿಮ್ಮ ಎದುರೇ ಆಯ್ತಲ್ಲ."

ನಾನು ಆ ಸಂಜೆ ಬಹಳ ಮಾತಾಡಿದೆ. ಮುದ್ರಣಾಲಯದಲ್ಲಿ ಅಚ್ಚಾದ ಎಲೆ ಅದು, ಅದರ ಮೇಲಿನ ಶಿಲುಬೆ ಯಾರೋ ಕೂಲಿಗೆ ಬರೆದದ್ದು, ಅದಕ್ಕೂ ನಿಮ್ಮ ಮಗಳಿಗೂ ಸಂಬಂಧ ಇಲ್ಲ. ಹೋಗಿ ಬನ್ನಿ, ಕಫೀಲನ ಕೈಕಾಲು ಹಿಡಿಯೋಣ, ಸಹಿ ಹಿಂದೆ ತೆಗೆದುಕೊಳ್ಳಬಹುದೋ ನೋಡೋಣ. ಅಷ್ಟು ವಾರ ಬಿಗಿಹಿಡಿದ ಅಭಿಪ್ರಾಯವನ್ನೆಲ್ಲ ಆಗ ಸುರಿದೆ. ಪೊರ್ಬುಗಳು ಕೇಳಿಸಿಕೊಂಡರು. ಕೊನೆಗೆ ಕೇಳಿದರು, "ಇದನ್ನು ಜನವರಿಯಲ್ಲಿ ಯಾಕೆ ಹೇಳ್ಲಿಲ್ಲ ನೀವು?" ಕೋಪದಿಂದ ಅಲ್ಲ, ತಿಳಿದುಕೊಳ್ಳುವವರ ಹಾಗೆ.

ಲೈಬ್ರರಿಯ ಪುಸ್ತಕಗಳು ಕೆಲವು ವಾರ ಬಂದವು. ಮೇಡಂ ಅಡಿಗೆ ಮನೆಗೆ ಕಳಿಸುವಳು, ಪೊರ್ಬುಗಳು ತಂದು ನನ್ನ ಮಂಚದ ಮೇಲೆ ಇಡುವರು. ನಾನು ಹೊಸಿಲು ದಾಟಿದ್ದು ಒಂದೇ ಸಲ. ಒಳಗೆ ತಂಪು, ಕಾರ್ಪೆಟ್ಟು, ಪತ್ರಿಕೆ ಓದುತ್ತ ನಿದ್ದೆ ಹೋದ ಒಬ್ಬ ಮುದುಕ. ಬೇಸಿಗೆಗೆ ಮೇಡಂನ ಗಂಡನಿಗೆ ವರ್ಗವಾಯಿತು. ಹೋಗುವ ಮೊದಲು ಅವಳು ಆ ಕಟ್ಟನ್ನು ಬಾರ್ಬೆಕ್ಯೂ ಒಲೆಗೆ ಹಾಕಿ ಸುಟ್ಟಳೆಂದು ಪೊರ್ಬುಗಳೇ ಬಂದು ಹೇಳಿದರು. ಕಾಂಪೌಂಡಿನ ಹೊಸ ಮ್ಯಾನೇಜರು ಗೇಟಿನ ಚೀಟಿ ನಿಲ್ಲಿಸಿದ. ಕಣಿ ಹೇಳುವವನಾಗಿ ನನ್ನ ಉದ್ಯೋಗ ಅಲ್ಲಿಗೆ ಮುಗಿಯಿತು.

ಜೂನ್ ಕಳೆದ ಮೇಲೆ ಪೊರ್ಬುಗಳ ಊರಿನವನೊಬ್ಬ ರಜೆ ಮುಗಿಸಿ ಬಂದ. ಸೌದಿಯ ಇನ್ನೊಂದು ತುದಿಯ ಅಭಾದ ಆಸ್ಪತ್ರೆಯಲ್ಲಿ ಕೆಲಸ, ದಹ್ರಾನ್‌ಗೆ ವಿಮಾನ ಇಳಿದವನು ಆ ರಾತ್ರಿ ನಮ್ಮ ಕೋಣೆಯಲ್ಲಿ ಉಳಿದ. ಮಗಳನ್ನು ಕಳಿಸಿಕೊಟ್ಟ ಭಾನುವಾರ ಅವನು ಇಗರ್ಜಿಯಲ್ಲಿದ್ದನಂತೆ.

"ಭಾರಿ ಗೌಜಿ ಮಾರಾಯ್ರೆ. ಬಿಳಿ ಸೀರೆ, ಹೂವು. ಫಾದರ್ ನಿಮ್ಮ ಹೆಸರು ತೆಗೆದು ಹೇಳಿದ್ರು, ಪರದೇಶದಲ್ಲಿ ದುಡಿಯುವ ತಂದೆ ಅಂತ. ನಿಮ್ಮ ಹೆಂಡತಿ ಮುಂದಿನ ಬೆಂಚಲ್ಲಿ."

"ಅವಳು ಹೇಗಿದ್ಲು?" ಎಂದರು ಪೊರ್ಬುಗಳು. ಮೀನು ಹುರಿಯುತ್ತಿದ್ದವರು ಸೌಟು ಕೆಳಗೆ ಇಟ್ಟರು.

"ಯಾರು, ಹುಡುಗಿಯಾ? ಸಂತೋಷದಲ್ಲೇ ಇದ್ಲು."

"ಮುಖ ನೋಡಿದ್ಯಾ ನೀನು?"

"ಮುಖ ಅಂದ್ರೆ..." ಅವನು ಸ್ವಲ್ಪ ಯೋಚಿಸಿದ. ಒಳ್ಳೆಯ ಹುಡುಗ, ಸುಳ್ಳು ಹೇಳಲು ಬರುತ್ತಿರಲಿಲ್ಲ. "ನಾನು ಹಿಂದೆ ಬಾಗಿಲ ಹತ್ರ ಇದ್ದೆ. ಅಷ್ಟು ಜನ. ಸರೀ ಕಾಣ್ಲಿಲ್ಲ."

ಪೊರ್ಬುಗಳು ಮೀನು ಮಗುಚಿ ಹಾಕಿದರು.

ಮುಂದಿನ ಶುಕ್ರವಾರ ಅವರು ಕಾಯಿತುರಿ, ಸಕ್ಕರೆ ತುಂಬಿ ಕರಿದ ನೆವ್ರಿಗಳನ್ನು ಒಂದು ದೊಡ್ಡ ತಟ್ಟೆಯಲ್ಲಿ ಇಟ್ಟುಕೊಂಡು ಕೋಣೆ ಕೋಣೆಗೆ ಹಂಚಿದರು. ಅವರ ಜನರೆಲ್ಲ ಕೈ ಕುಲುಕಿದರು. ದೇವರು ನಿಮ್ಮ ಮನೆಯನ್ನು ಆರಿಸಿಕೊಂಡ ಎಂದರು. ಕೇರಳದವರು, ಪಾಕಿಸ್ತಾನದವರು ಮದುವೆಯೇ ಎಂದು ಕೇಳಿದರು. ಹೌದು, ಒಂದು ಲೆಕ್ಕದಲ್ಲಿ ಮದುವೆಯೇ ಎಂದು ಪೊರ್ಬುಗಳು ಉತ್ತರ ಕೊಟ್ಟರು. ಎಲ್ಲ ಮುಗಿಸಿ ಕೋಣೆಗೆ ಬಂದು, ಖಾಲಿ ತಟ್ಟೆಯನ್ನು ಮಡಿಲಲ್ಲಿ ಇಟ್ಟುಕೊಂಡು ಮಂಚದ ಮೇಲೆ ಕೂತರು. ಏರ್ ಕಂಡೀಷನರ್ ಸದ್ದು ಮಾಡುತ್ತಿತ್ತು.

"ಅವತ್ತು ನಾನು ಎದ್ದದ್ದು ಹೋಗ್ಲಿಕ್ಕೆ ಅಲ್ಲ ಮಾಸ್ಟ್ರೆ," ಎಂದರು.

ಯಾವತ್ತು ಎಂದು ನಾನು ಕೇಳಲಿಲ್ಲ.

"ಕೂತ್ಕೊಳ್ಳಿ, ಇನ್ನೊಂದು ತೆಗೀರಿ ಅಂತ ನೀವು ಹೇಳ್ತೀರಿ ಅಂತ ನಿಂತೆ. ಊರಲ್ಲಿ ಜೋಯಿಸರು ಹಾಗೆ ಮಾಡ್ತಾರಂತಲ್ಲ, ಒಂದು ಸರಿ ಆಗದಿದ್ರೆ ಮತ್ತೊಮ್ಮೆ ಕವಡೆ ಹಾಕ್ತಾರಂತೆ. ಬಹಳ ಹೊತ್ತು ನಿಂತೆ. ನೀವು ಆ ಹೆಂಗಸಿನ ಹತ್ರ ಮಾತಾಡ್ತಾ ಇದ್ರಿ."

"ನೀವು ತಕ್ಷಣ ಹೋದಿರಿ ಪೊರ್ಬುಗಳೇ. ನಾನು ತಿರುಗುವಷ್ಟರಲ್ಲಿ ಇರಲಿಲ್ಲ."

"ನಿಂತಿದ್ದೆ."

"ನನಗೆ ಹಾಗೆ ನೆನಪಿಲ್ಲ."

"ನಿಮಗೆ ನೆನಪಿರ್ಲಿಕ್ಕಿಲ್ಲ," ಎಂದರು. ಜಗಳದ ದನಿ ಇರಲಿಲ್ಲ. ತಟ್ಟೆಗೆ ಅಂಟಿದ ಸಕ್ಕರೆಯನ್ನು ಉಗುರಿನಿಂದ ಕೆರೆದರು.

ಅವರು ಹೇಳಿದ್ದೇ ಸರಿ ಇರಬಹುದು. ಅಥವಾ ನಾಲ್ಕು ತಿಂಗಳು ಆ ಕ್ಷಣವನ್ನು ತಿರುಗಿಸಿ ತಿರುಗಿಸಿ ನೋಡಿ, ನಿಂತ ಹೊತ್ತನ್ನು ಅವರೇ ಉದ್ದ ಮಾಡಿಕೊಂಡಿರಬಹುದು. ನಾನು ಅದನ್ನೇ ಗಿಡ್ಡ ಮಾಡಿಕೊಂಡಿರಬಹುದು. ಮೂರನೆಯವಳು ಹೂವಿನ ಕಿರೀಟದವಳು. ಅವಳು ಎಲ್ಲಿದ್ದಾಳೋ, ಅವಳಿಗೆ ಇದು ನೆನಪಿರುವ ಕಾರಣವೇ ಇಲ್ಲ.

"ಆ ಚಿತ್ರದ ಹೆಂಗಸು," ಎಂದರು ಪೊರ್ಬುಗಳು, "ಅವಳ ಮುಖ ಹೇಗಿತ್ತು? ನಾನು ಶಿಲುಬೆ ನೋಡಿದವನು ಮುಖ ಸರಿ ನೋಡ್ಲಿಲ್ಲ. ನೀವು ವಾರಗಟ್ಲೆ ನೋಡಿದ್ದೀರಲ್ಲ."

ನಾನು ಕಣ್ಣು ಮುಚ್ಚಿ ನೆನಪಿಸಿಕೊಳ್ಳಲು ನೋಡಿದೆ. ಕಂಬಗಳು ಬಂದವು, ಮುಸುಕು ಬಂತು, ಮಡಚಿದ ಮೂಲೆ ಬಂತು. ಮುಖ ಇದ್ದ ಜಾಗದಲ್ಲಿ ಏನೂ ಬರಲಿಲ್ಲ.

"ನಗುತ್ತಿದ್ದಳು," ಎಂದೆ. "ಸ್ವಲ್ಪ ನಗು ಇತ್ತು. ನೆಮ್ಮದಿಯ ಮುಖ."

ಪೊರ್ಬುಗಳು ನನ್ನನ್ನು ನೋಡಿದರು. ಡೇರೆಯಲ್ಲಿ ನೋಡಿದಷ್ಟೇ ಹೊತ್ತು ನೋಡಿದರೆಂದು ಬರೆಯಬೇಕೆನಿಸುತ್ತದೆ, ಆದರೆ ಅದನ್ನು ಅಳೆದವರು ಯಾರು?

"ಸುಳ್ಳು ಹೇಳ್ಬೇಡಿ ಮಾಸ್ಟ್ರೆ," ಎಂದರು.

ಸಂಜೆ ಪಾಳಿಯ ಬಸ್ಸು ಹಾರ್ನ್ ಹೊಡೆಯಿತು. ಅವರು ತಟ್ಟೆಯನ್ನು ಮಂಚದ ಕೆಳಗೆ ಸರಿಸಿ, ಚಪ್ಪಲಿ ಮೆಟ್ಟಿಕೊಂಡು ಹೊರಟರು. ನಾನೂ ಎದ್ದು ಹೊರಗೆ ಬಂದೆ. ಬಸ್ಸು ಹತ್ತಿದವರನ್ನು ಬರೆದುಕೊಳ್ಳುವುದು ನನ್ನ ಕೆಲಸವಾಗಿತ್ತು.